ಕಾಯುವ ಕೆಲಸ

ಡೆಪ್ಯುಟೇಶನ್ ಅಂದರೆ ಏನು ಅಂತ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದು ಶಾಲೆಯಲ್ಲಿ ಮೇಷ್ಟ್ರು ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಇಲ್ಲಿಂದ ಅಲ್ಲಿಗೆ ಕಳಿಸುತ್ತಾರೆ. ಸಂಬಳ ಹಳೇ ಶಾಲೆಯ ಲೆಕ್ಕದಲ್ಲಿ, ಪಾಠ ಹೊಸ ಶಾಲೆಯಲ್ಲಿ. ಹೋಗುವವರ ಮುಖ ಸಾಮಾನ್ಯವಾಗಿ ಸಪ್ಪಗಿರುತ್ತದೆ.

ಹಾಗಾಗಿ ಪಿಎಚ್.ಡಿ.ಯ ಮೂರನೇ ವರ್ಷದಲ್ಲಿ ನನ್ನನ್ನು ಬೆಂಗಳೂರಿನ ಲ್ಯಾಬಿನಿಂದ ನಾಲ್ಕು ತಿಂಗಳು ಡೆನ್ಮಾರ್ಕಿಗೆ ಕಳಿಸುತ್ತಾರೆ ಅಂತ ಗೊತ್ತಾದಾಗ ಅಪ್ಪ ಊರವರಿಗೆ ಹೇಳಿದ್ದು ಒಂದೇ ಮಾತು: 'ಮಗಳಿಗೆ ಡೆಪ್ಯುಟೇಶನ್ ಆಗಿದೆ.' ಸೋಮವಾರಪೇಟೆಯ ಗೊಬ್ಬರದಂಗಡಿಯಲ್ಲಿ ಒಬ್ಬರು ನಿಜವಾಗಿಯೂ ಮರುಗಿದರಂತೆ. 'ಅಯ್ಯೋ, ಕ್ಯಾನ್ಸಲ್ ಮಾಡಿಸೋಕೆ ಆಗಲ್ವಾ? ಯಾರ ಹತ್ರನಾದ್ರೂ ಹೇಳಿಸಿ.'

ಕ್ಯಾನ್ಸಲ್ ಆಗಲಿಲ್ಲ. 2025ರ ಸೆಪ್ಟೆಂಬರ್ ಮೊದಲ ವಾರ ಕೋಪನ್‌ಹೇಗನ್‌ನಲ್ಲಿ ಇಳಿದೆ. ಕೊಡಗಿನ ಮಳೆಯಿಂದ ಹೊರಟವಳಿಗೆ ಅಲ್ಲಿನ ಮಳೆ ಒಂದು ಮಳೆಯೇ ಅಲ್ಲ. ಸುಮ್ನೆ ತೂರುತ್ತದೆ, ನಿಲ್ಲುತ್ತದೆ. ಕತ್ತಲೆ ಮಾತ್ರ ಹೊಸದು. ಡಿಸೆಂಬರ್ ಹೊತ್ತಿಗೆ ಬೆಳಗಾಗುವುದು ಎಂಟೂವರೆಗೆ, ಮಧ್ಯಾಹ್ನ ಮೂರೂ ಮುಕ್ಕಾಲಕ್ಕೆಲ್ಲ ಸೂರ್ಯ ಕಾಣೆ. ಲ್ಯಾಬಿನಲ್ಲಿ ಎಲ್ಲರೂ ಲೋಟಗಟ್ಟಲೆ ಕರಿ ಕಾಫಿ ಕುಡಿಯುತ್ತಾರೆ. ಬೆಲ್ಲ ಇಲ್ಲ. ನಮ್ಮನೆಯಲ್ಲೂ ಕರಿ ಕಾಫಿಯೇ, ಆದರೆ ಬೆಲ್ಲ ಹಾಕದೆ ಕೊಟ್ಟರೆ ಅದು ಕಷಾಯ. ಎರಡನೇ ವಾರ ಸೂಟ್‌ಕೇಸಿನ ತಳದಿಂದ ಒಂದು ಅಚ್ಚು ಬೆಲ್ಲ ತೆಗೆದು ಕಪಾಟಿನಲ್ಲಿಟ್ಟೆ. ಮೇಲೆ ನನ್ನ ಹೆಸರು ಬರೆದಿದ್ದೆ. ಆದರೂ ಕರಗುತ್ತಾ ಹೋಯಿತು.

ನಾನು ಹೋಗಿದ್ದು ಕ್ಯಾನ್ಸರಿಗೆ ಇಮ್ಯುನೋಥೆರಪಿ ಹುಡುಕುವ ಲ್ಯಾಬಿಗೆ. ಅಂದರೆ ಕ್ಯಾನ್ಸರನ್ನು ಹೊರಗಿನಿಂದ ಸುಡುವ, ಕೊಯ್ಯುವ ಬದಲು ರೋಗಿಯ ಮೈಯಲ್ಲೇ ಇರುವ ಕಾವಲುಪಡೆಯಿಂದ ಹೊಡೆಸುವ ದಾರಿ. ಅಲ್ಲಿ ಮುಖ್ಯವಾಗಿ ನಡೆಯುವುದು ಟಿಲ್ ಅನ್ನುವ ವಿಧಾನ. ಗಡ್ಡೆಯ ಒಳಗೆ ನುಗ್ಗಿ ಸಿಕ್ಕಿಹಾಕಿಕೊಂಡಿರುವ ಟಿ ಕೋಶಗಳನ್ನು, ಅಂದರೆ ಆ ಕಾವಲುಪಡೆಯ ಸಿಪಾಯಿಗಳನ್ನು, ಹೊರಗೆ ತೆಗೆದು, ಚೆನ್ನಾಗಿ ಉಣ್ಣಿಸಿ, ಕೋಟಿಗಟ್ಟಲೆ ಬೆಳೆಸಿ, ಅದೇ ರೋಗಿಗೆ ವಾಪಸು ಕೊಡುವುದು. ಅಮೆರಿಕದ ಸರ್ಜನ್ ಸ್ಟೀವನ್ ರೋಸನ್‌ಬರ್ಗ್ 1988ರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ರೋಗಿಗಳ ಮೇಲೆ ಇದರ ಮೊದಲ ಫಲಿತಾಂಶ ಪ್ರಕಟಿಸಿದರು. ನಂತರ ಬಹಳ ವರ್ಷ ಇದು ಕೆಲವೇ ಆಸ್ಪತ್ರೆಗಳ ಹಠದ ಕೆಲಸವಾಗಿತ್ತು. ಡಚ್ಚರು ಮತ್ತು ಡೇನರು ಸೇರಿ 168 ರೋಗಿಗಳ ಮೇಲೆ ನಡೆಸಿದ ಪ್ರಯೋಗ 2022ರಲ್ಲಿ ಹೊರಬಂದಾಗ ಜಗತ್ತು ತಿರುಗಿ ನೋಡಿತು. ಆಗ ಬಳಕೆಯಲ್ಲಿದ್ದ ಒಂದು ಔಷಧ ಪಡೆದವರಲ್ಲಿ ರೋಗ ಮತ್ತೆ ಮುಂದುವರಿಯದೆ ನಿಂತದ್ದು ಮೀಡಿಯನ್, ಅಂದರೆ ಸಾಲಿನ ನಟ್ಟನಡುವಿನ ರೋಗಿಯ ಲೆಕ್ಕದಲ್ಲಿ 3.1 ತಿಂಗಳು. ಟಿಲ್ ಪಡೆದವರಲ್ಲಿ 7.2 ತಿಂಗಳು.

ನಾಲ್ಕು ತಿಂಗಳ ವ್ಯತ್ಯಾಸ ಅಷ್ಟೇನಾ ಅಂತ ಕೇಳಬಹುದು. ನಮ್ಮ ಮನೆಯಲ್ಲೂ ಕೇಳಿದರು. ಅದಕ್ಕೆ ಆಮೇಲೆ ಬರುತ್ತೇನೆ.

ಗಡ್ಡೆಯ ತುಂಡು ಬರುವ ದಿನ ಬೆಳಗ್ಗೆಯೇ ಫೋನ್ ಬರುತ್ತದೆ. ಆಪರೇಶನ್ ಥಿಯೇಟರಿನಿಂದ ಯಾರೋ ಒಬ್ಬರು ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಬರುತ್ತಾರೆ. ಒಳಗೆ ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಡಬ್ಬಿ. ಡಬ್ಬಿಯಲ್ಲಿ ಗುಲಾಬಿ ಬಣ್ಣದ ನೀರು. ನಾನು ಮೊದಲ ಸಲ ನೋಡಿದ್ದು ಹಲಸಿನ ಬೀಜದಷ್ಟು ದೊಡ್ಡ ತುಂಡು. ಅಲ್ಲಲ್ಲಿ ಕಪ್ಪಗಿತ್ತು. ಮೆಲನೋಮ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಕೆಟ್ಟು ಆಗುವ ಕ್ಯಾನ್ಸರು, ಅದಕ್ಕೇ ಆ ಕಪ್ಪು. ಬ್ಲೇಡಿನಿಂದ ಕತ್ತರಿಸಿದರೆ ತಟ್ಟೆಯ ಮೇಲೆ ಮಸಿಯ ಹಾಗೆ ಗೆರೆ ಎಳೆಯುತ್ತದೆ. ಅಕ್ಕಿಕಾಳಿಗಿಂತ ಚಿಕ್ಕದಾಗಿ ಹೆಚ್ಚಬೇಕು. ಒಂದೊಂದು ಚೂರನ್ನು ಒಂದೊಂದು ಗುಳಿಗೆ ಹಾಕಬೇಕು. ಪ್ಲೇಟಿನಲ್ಲಿ 24 ಗುಳಿ. ಮೇಲೆ ಐಎಲ್-2 ಅನ್ನುವ ಪ್ರೋಟೀನು, ಅದು ಟಿ ಕೋಶಗಳ ಊಟ. ಆಮೇಲೆ 37 ಡಿಗ್ರಿಯ ಇನ್‌ಕ್ಯುಬೇಟರಿನೊಳಗೆ ಇಟ್ಟು ಬಾಗಿಲು ಮುಚ್ಚುವುದು.

ಮೊದಲ ಕೆಲವು ದಿನ ಏನೂ ಕಾಣುವುದಿಲ್ಲ. ಆಮೇಲೆ ಒಂದು ಬೆಳಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ಚೂರಿನ ಸುತ್ತ ದುಂಡಗೆ, ಹೊಳೆಯುವ ಕಾಳುಗಳು. ಮೊದಲ ಮಳೆ ಬಿದ್ದ ಮೇಲೆ ಹುತ್ತದಿಂದ ಈಚಲು ಹುಳ ಏಳುತ್ತವಲ್ಲ, ಹಾಗೆ. ಎರಡು ಮೂರು ವಾರದಲ್ಲಿ ಗುಳಿ ತುಂಬುತ್ತದೆ. ಗುಲಾಬಿ ನೀರು ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಹಳದಿಗೆ ತಿರುಗಿದರೆ ಕೋಶಗಳು ಚೆನ್ನಾಗಿ ಉಂಡು ಹುಳಿ ಬಿಟ್ಟಿವೆ ಅಂತ ಅರ್ಥ, ಹೊಸ ನೀರು ಹಾಕಬೇಕು.

ರೋಗಿಗೆ ಕೊಡುವ ಕೋಶಗಳನ್ನು ಮುಟ್ಟಲು ನನ್ನಂಥವರಿಗೆ ಬಿಡುವುದಿಲ್ಲ. ಅದಕ್ಕೆ ಬೇರೆ ಸ್ವಚ್ಛ ಕೋಣೆ, ಬೇರೆ ಜನ, ಹಾಳೆ ಹಾಳೆ ಸಹಿ. ನನಗೆ ಸಿಗುತ್ತಿದ್ದುದು ರೋಗಿಗಳು ಸಂಶೋಧನೆಗೆ ಬಿಟ್ಟುಕೊಟ್ಟ ಉಳಿಕೆ. ಬೆಳೆದ ಕೋಶಗಳಲ್ಲಿ ಎಷ್ಟು ನಿಜವಾಗಿಯೂ ಆ ಗಡ್ಡೆಯನ್ನು ಗುರುತು ಹಿಡಿಯುತ್ತವೆ, ಎಷ್ಟು ಸುಮ್ನೆ ಗುಂಪಿನಲ್ಲಿ ಗೋವಿಂದ ಅನ್ನುತ್ತವೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಗೋವಿಂದ ಅನ್ನುವವೇ ಜಾಸ್ತಿ.

ಭಾನುವಾರ ಅಪ್ಪನಿಗೆ ಫೋನ್. ಅವರಿಗೆ ಅರ್ಥ ಮಾಡಿಸಲು ಮೂರು ವಾರ ಕಷ್ಟಪಟ್ಟೆ. ಸೆಲ್ಲು, ಪ್ರೋಟೀನು ಅಂದರೆ 'ಹೂಂ' ಅನ್ನುತ್ತಿದ್ದರು. ಆ 'ಹೂಂ' ನನಗೆ ಗೊತ್ತು. ಕೊನೆಗೆ ಅವರೇ ದಾರಿ ಕಂಡುಕೊಂಡರು.

'ಅಂದ್ರೆ ಬೋರರ್ ಇದ್ದಂಗೆ ಅನ್ನು.'

ಅರೇಬಿಕಾ ಇಟ್ಟವರಿಗೆ ಬೋರರ್ ಬಗ್ಗೆ ಹೇಳಬೇಕಾ? ಬಿಳಿ ಕಾಂಡಕೊರಕ. ದುಂಬಿ ಕಾಂಡದ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಹುಳ ಒಳಗೆ ಹೋಗಿ ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಹೊರಗಿಂದ ಗಿಡ ಚೆನ್ನಾಗೇ ಕಾಣುತ್ತದೆ. ಎಲೆ ಹಳದಿಯಾಗಿ ಕಾಂಡದ ಮೇಲೆ ಉಬ್ಬಿದ ಗೆರೆ ಕಾಣುವ ಹೊತ್ತಿಗೆ ಒಳಗೆ ಟೊಳ್ಳು. ಅದಕ್ಕೇ ವರ್ಷಕ್ಕೆ ಎರಡು ಸಲ ಟ್ರೇಸಿಂಗ್. ಸಾಲು ಸಾಲು ನಡೆದು, ಒಂದೊಂದು ಗಿಡ ಬಗ್ಗಿಸಿ ನೋಡಿ, ಹುಳ ಹಿಡಿದದ್ದನ್ನು ಕಿತ್ತು ಸುಡುವುದು.

'ಟ್ರೇಸಿಂಗ್ ಮಾಡೋರೇ ಟಿ ಸೆಲ್ಲು,' ಅಂದೆ ಖುಷಿಯಿಂದ.

'ಸರಿ. ಆದ್ರೆ ಟ್ರೇಸಿಂಗ್ ಮಾಡೋರ ಕಣ್ಣಿಗೆ ಕಟ್ಟಿದ್ದು ಯಾರು?'

ಇಡೀ ಚೆಕ್‌ಪಾಯಿಂಟ್ ಸಂಶೋಧನೆಯ ಪ್ರಶ್ನೆಯೇ ಅದು. ಟಿ ಕೋಶಗಳ ಮೇಲೆ ಬ್ರೇಕುಗಳಿವೆ, ಚೆಕ್‌ಪಾಯಿಂಟ್ ಅನ್ನುವುದು ಇವನ್ನೇ. ಅವು ಇಲ್ಲದಿದ್ದರೆ ನಮ್ಮ ಮೈಯನ್ನೇ ನಾವು ತಿಂದುಕೊಳ್ಳುತ್ತೇವೆ. ಸಿಟಿಎಲ್‌ಎ-4 ಒಂದು, ಪಿಡಿ-1 ಇನ್ನೊಂದು. ಕ್ಯಾನ್ಸರ್ ಕೋಶ ಮಾಡುವ ಕಿತಾಪತಿ ಏನೆಂದರೆ, ಹತ್ತಿರ ಬಂದ ಟಿ ಕೋಶದ ಪಿಡಿ-1 ಬ್ರೇಕನ್ನು ತಾನೇ ಒತ್ತಿಬಿಡುತ್ತದೆ. ಜಪಾನಿನ ತಸುಕು ಹೊಂಜೊ ಅವರ ಲ್ಯಾಬು 1992ರಲ್ಲಿ ಪಿಡಿ-1 ಅನ್ನು ಕಂಡುಹಿಡಿಯಿತು. ಅಮೆರಿಕದ ಜೇಮ್ಸ್ ಆಲಿಸನ್ ಅವರ ಗುಂಪು ಸಿಟಿಎಲ್‌ಎ-4 ಬ್ರೇಕನ್ನು ತಡೆದರೆ ಇಲಿಗಳ ಗಡ್ಡೆ ಕರಗುತ್ತದೆ ಅಂತ 1996ರಲ್ಲಿ ತೋರಿಸಿತು. ಇಬ್ಬರಿಗೂ ಸೇರಿ ನೊಬೆಲ್ ಬಂದದ್ದು 2018ರ ಅಕ್ಟೋಬರ್ 1ರಂದು.

ಆ ಸುದ್ದಿಯನ್ನು ನಾನು ಓದಿದ್ದು ಎಲ್ಲಿ ಅಂತ ಚೆನ್ನಾಗಿ ನೆನಪಿದೆ. ಬೆಂಗಳೂರಿನ ಆಸ್ಪತ್ರೆಯೊಂದರ ಹೊರಗಿನ ಬೆಂಚಿನಲ್ಲಿ. ಪಕ್ಕದಲ್ಲಿ ದೊಡ್ಡಮ್ಮ ಕೂತಿದ್ದಳು. ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು.

ದೊಡ್ಡಮ್ಮನ ಮನೆ ಹಟ್ಟಿಹೊಳೆ ಕಡೆ. ನಲವತ್ತು ವರ್ಷ ಎಲೆಅಡಿಕೆ, ಜೊತೆಗೆ ಕಡ್ಡಿಪುಡಿ. ಆ ವರ್ಷ ಬೇಸಿಗೆಯಲ್ಲಿ ದವಡೆಯ ಒಳಗೆ ಹುಣ್ಣಾಗಿದ್ದು ಮಾಯಲಿಲ್ಲ. ಬಯಾಪ್ಸಿ, ಆಪರೇಶನ್, ಆಮೇಲೆ ರೇಡಿಯೇಶನ್. ನಮ್ಮದು ರೈಲೇ ಇಲ್ಲದ ಜಿಲ್ಲೆ. ದೊಡ್ಡ ಕಾಯಿಲೆ ಬಂದರೆ ಮೈಸೂರು, ಮಂಗಳೂರು, ಇಲ್ಲ ಬೆಂಗಳೂರು. ತುರ್ತು ಚಿಕಿತ್ಸೆಗೆ ಒಂದು ಒಳ್ಳೆಯ ಆಸ್ಪತ್ರೆ ಕೊಡಿ ಅಂತ 2019ರಲ್ಲಿ ಕೊಡಗಿನವರೆಲ್ಲ ಟ್ವಿಟರಿನಲ್ಲಿ ಕೂಗಿಕೊಂಡದ್ದು ನೆನಪಿರಬಹುದು. ಅಪಘಾತವಾದವರಿಗೇ ಆ ಗತಿ, ಇನ್ನು ಕ್ಯಾನ್ಸರಿನ ಮಾತೆಲ್ಲಿ.

ರೇಡಿಯೇಶನ್ ವಾರಕ್ಕೆ ಐದು ದಿನ, ಆರು ವಾರ. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದಳು. ಆಗಸ್ಟ್ 15ರ ರಜೆಗೆ ಅಂತ, ಎರಡು ದಿನ ದನಕರು ನೋಡಿಕೊಂಡು ಬರ್ತೀನಿ ಅಂತ ಊರಿಗೆ ಹೊರಟಳು. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಏನಾಯಿತು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಎಲ್ಲ ಕಡೆ ಗುಡ್ಡ ಜಾರಿತು. ರಸ್ತೆ ಇದ್ದ ಜಾಗದಲ್ಲಿ ಕೆಂಪು ಕೆಸರು. ದೊಡ್ಡಮ್ಮ ಹನ್ನೊಂದು ದಿನ ಪರಿಹಾರ ಕೇಂದ್ರದಲ್ಲಿದ್ದಳು. ಮನೆ ಉಳಿಯಿತು, ದನ ಉಳಿಯಲಿಲ್ಲ. ರೇಡಿಯೇಶನ್ ನಡುವೆ ಬಿಟ್ಟುಹೋದರೆ ಗಡ್ಡೆಯ ಕೋಶಗಳು ಅಷ್ಟರಲ್ಲಿ ಚೇತರಿಸಿಕೊಳ್ಳುತ್ತವೆ ಅಂತ ನನಗೆ ಗೊತ್ತಾದದ್ದು ಎಂ.ಎಸ್ಸಿ.ಯಲ್ಲಿ, ಪಾಠದ ನಡುವೆ. ಅವತ್ತು ಕ್ಲಾಸಿನಿಂದ ಎದ್ದು ಹೋದೆ.

ಅಕ್ಟೋಬರಿನ ಆ ಬೆಂಚಿನಲ್ಲಿ ನಾನು ಫೋನಿನಲ್ಲಿ ಓದಿ ಹೇಳಿದೆ, 'ದೊಡ್ಡಮ್ಮಾ, ಕ್ಯಾನ್ಸರಿಗೆ ಹೊಸ ಔಷಧ ಕಂಡುಹಿಡಿದವರಿಗೆ ದೊಡ್ಡ ಬಹುಮಾನ ಬಂದಿದೆ.' ದೊಡ್ಡಮ್ಮ ಸೆರಗಿನ ಒಳಗಿಂದಲೇ ಕೇಳಿದಳು, 'ನಮ್ಮ ಟೋಕನ್ ಕರೆದ್ರಾ ನೋಡು.'

ಮುಂದಿನ ವರ್ಷ ಮಾರ್ಚಿನಲ್ಲಿ ಕತ್ತಿನಲ್ಲಿ ಗಂಟು ಬಂತು. ಡಾಕ್ಟರು ಪಿಡಿ-1 ತಡೆಯುವ ಇಂಜೆಕ್ಷನ್ ಬಗ್ಗೆ ಹೇಳಿದರು. ಮುಚ್ಚಿಡದೆ ಬೆಲೆಯನ್ನೂ ಹೇಳಿದರು. ಒಂದು ಸಲಕ್ಕೆ ಒಂದೂವರೆ ಲಕ್ಷದ ಆಸುಪಾಸು, ಎರಡು ವಾರಕ್ಕೊಮ್ಮೆ, ಎಷ್ಟು ಸಲ ಅಂತ ಹೇಳಲಾಗದು, ಕೆಲಸ ಮಾಡುತ್ತದೆ ಅಂತಲೂ ಖಾತ್ರಿ ಇಲ್ಲ. ಅಣ್ಣ ಸಿಲ್ವರ್ ಓಕ್ ಮರ ಕಡಿಸಿ ಮಾರುವ ಮಾತೆತ್ತಿದ. ದೊಡ್ಡಮ್ಮ ಬೇಡ ಅಂದಳು. 'ಮೆಣಸಿನ ಬಳ್ಳಿ ಯಾತಕ್ಕೆ ಹಬ್ಬಿಸ್ತೀಯ ಆಮೇಲೆ?' ಅಷ್ಟೇ ಅವಳ ವಾದ. ಅದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ಮಳೆಗಾಲದಲ್ಲಿ ಹೋಗಿಬಿಟ್ಟಳು.

ಆದ್ದರಿಂದ ನಾಲ್ಕು ತಿಂಗಳ ವ್ಯತ್ಯಾಸ ಅಷ್ಟೇನಾ ಅಂತ ಮನೆಯಲ್ಲಿ ಕೇಳಿದಾಗ ನಾನು ಲೆಕ್ಕ ಹಾಕಿದ್ದು ಹೀಗೆ: ಮಾರ್ಚಿಗೆ ಮೂರು ಸೇರಿಸಿದರೆ ಜೂನ್, ಏಳು ಸೇರಿಸಿದರೆ ಅಕ್ಟೋಬರ್. ಮೊಮ್ಮಗ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ.

ಕನ್ನಡದಲ್ಲಿ 'ಕಾಯು' ಅನ್ನುವ ಒಂದೇ ಮಾತಿಗೆ ಎರಡು ಕೆಲಸ. ಬಸ್ಸಿಗೆ ಕಾಯುತ್ತೇವೆ, ಗದ್ದೆ ಕಾಯುತ್ತೇವೆ. ಅಲ್ಲಿನವರಿಗೆ ಇದನ್ನು ಹೇಳಿದರೆ ಅವರ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಪದ ಅಂದರು. ನನಗೆ ಮಾತ್ರ ಇನ್‌ಕ್ಯುಬೇಟರಿನ ಮುಂದೆ ನಿಂತಾಗಲೆಲ್ಲ ಅಜ್ಜ ನೆನಪಾಗುತ್ತಿದ್ದರು. ಭತ್ತ ಹಾಲುಗಟ್ಟುವ ಹೊತ್ತಿಗೆ ಅಜ್ಜ ಗದ್ದೆ ಬದಿಯ ಅಟ್ಟಣೆ ಹತ್ತುತ್ತಿದ್ದರು. ಒಂದು ತಗಡಿನ ಡಬ್ಬ, ಒಂದು ಟಾರ್ಚು, ನಾಲ್ಕು ಪಟಾಕಿ. ರಾತ್ರಿಯೆಲ್ಲ ಗದ್ದೆ ಕಾಯುವುದು ಅಂದರೆ ಬಹುಪಾಲು ಸುಮ್ನೆ ಕಾಯುವುದೇ. ಮೊದಲ ಜಾವ ಡಬ್ಬ ಜೋರಾಗಿ ಬಡಿಯುತ್ತಿತ್ತು. ಆಮೇಲೆ ಮೆಲ್ಲಗೆ. ಹಂದಿ ಬರುವುದು ಮೂರು ಗಂಟೆಗೆ, ಅಜ್ಜನಿಗೆ ಜೋಂಪು ಹತ್ತುವುದೂ ಮೂರು ಗಂಟೆಗೆ. ಬೆಳಗ್ಗೆ ಅಜ್ಜಿ ಬೈಯುತ್ತಿದ್ದಳು.

ಗಡ್ಡೆಯೊಳಗೆ ಸಿಗುವ ಟಿ ಕೋಶಗಳಿಗೂ ಇದೇ ಆಗಿರುತ್ತದೆ. ಶತ್ರು ಕಣ್ಣೆದುರಿಗೇ ಇದೆ, ತಿಂಗಳುಗಟ್ಟಲೆ ಇದೆ. ಬಡಿದು ಬಡಿದು ಕೈ ಸೋತಿದೆ. ಲ್ಯಾಬಿನವರು ಇವನ್ನು ಕರೆಯುವುದೇ 'ಎಕ್ಸಾಸ್ಟೆಡ್' ಅಂತ. ದಣಿದವು. ದಣಿದ ಕೋಶದ ಮೈತುಂಬ ಪಿಡಿ-1. ಆದರೆ ವಿಚಿತ್ರ ನೋಡಿ, ಗಡ್ಡೆಯನ್ನು ನಿಜವಾಗಿ ಗುರುತು ಹಿಡಿದವುಗಳಲ್ಲೇ ಈ ದಣಿವು ಜಾಸ್ತಿ. ಹಂದಿಯನ್ನು ಕಂಡೇ ಇಲ್ಲದವನಿಗೆ ಸುಸ್ತು ಎಲ್ಲಿಂದ ಬರಬೇಕು? ಹಾಗಾಗಿ ಪ್ಲೇಟಿನಲ್ಲಿ ಚುರುಕಾಗಿ, ಹುರುಪಾಗಿ ಬೆಳೆಯುವ ಕೋಶಗಳನ್ನು ಕಂಡರೆ ನನಗೆ ಈಗ ಅನುಮಾನ.

ನವೆಂಬರಿನಲ್ಲಿ ಒಂದು ಪ್ಲೇಟು ಹಾಳು ಮಾಡಿದೆ. ನನ್ನದೇ ತಪ್ಪು. ಯಾವ ಗಳಿಗೆಯಲ್ಲಿ ಮುಚ್ಚಳ ಜಾಸ್ತಿ ಹೊತ್ತು ತೆಗೆದಿಟ್ಟೆನೋ ಗೊತ್ತಿಲ್ಲ. ಶುಕ್ರವಾರ ಚೆನ್ನಾಗಿತ್ತು. ಸೋಮವಾರ ನೋಡಿದರೆ ನಾಲ್ಕನೇ ಗುಳಿಯಲ್ಲಿ ಏನೋ ನೂಲಿನ ಹಾಗೆ. ಮೈಕ್ರೋಸ್ಕೋಪಿನ ಕೆಳಗೆ ಕೊಂಬೆ ಕೊಂಬೆಯಾಗಿ ಹರಡಿತ್ತು. ಬೂಷ್ಟು.

ನನಗೆ ಬೂಷ್ಟಿನ ಪರಿಚಯ ಸಾಲದೇ? ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೂಷ್ಟು ಹಿಡಿಯದ ವಸ್ತು ಇಲ್ಲ. ಬೆಲ್ಟು, ಚಪ್ಪಲಿ, ಶಾಲೆ ಚೀಲ, ಬೀರುವಿನ ರೇಷ್ಮೆ ಸೀರೆ, ಗೋಡೆಯ ಮೇಲಿನ ದೇವರ ಫೋಟೋ. ಬಟ್ಟೆ ಒಣಗಿಸಲು ಒಲೆಯ ಮೇಲೆ ಹಗ್ಗ ಕಟ್ಟಿ ಬೆಳೆದವಳು ನಾನು. ಕಂಡ ತಕ್ಷಣ ಗುರುತು ಸಿಕ್ಕಿತು. ಗುರುತು ಸಿಕ್ಕಿ ಏನು ಉಪಯೋಗ. ಪಕ್ಕದ ಗುಳಿಗಳಿಗೂ ಹಬ್ಬಿತ್ತು. ಹದಿನೇಳು ದಿನದ ಕೆಲಸ. ಕೆಲಸ ಮತ್ತೆ ಮಾಡಬಹುದು. ಆ ತುಂಡು ಮತ್ತೆ ಬರುವುದಿಲ್ಲ. ಯಾರದೋ ಮೈಯಿಂದ ಬಂದದ್ದು, ಒಂದು ಕೋಡ್ ನಂಬರ್ ಬಿಟ್ಟರೆ ನನಗೆ ಏನೂ ಗೊತ್ತಿಲ್ಲದ ಒಬ್ಬರು 'ತಗೊಳ್ಳಿ' ಅಂತ ಸಹಿ ಹಾಕಿ ಕೊಟ್ಟದ್ದು.

ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಬಂದು ನೋಡಿದರು. ಬೈಯಲಿಲ್ಲ. ಬ್ಲೀಚಿನ ಬಾಟಲಿ ಕೊಟ್ಟರು. ಒಂದೊಂದೇ ಗುಳಿಗೆ ನಾನೇ ಸುರಿದೆ. ಅವರು ಹೋಗುವವರೆಗೂ ಅಳಲಿಲ್ಲ. ಆ ದಿನದ ಪುಸ್ತಕದಲ್ಲಿ ಅವರು ಬರೆಸಿದ್ದು ಎರಡೇ ಸಾಲು: ಏನಾಯಿತು, ಯಾರು ಬಿಸಾಡಿದರು. ಕ್ಷಮೆ ಕೇಳುವ ಕಾಲಂ ಅದರಲ್ಲಿ ಇರಲಿಲ್ಲ.

ಅದಕ್ಕೂ ಮುಂಚೆ ಅಕ್ಟೋಬರ್ 6ರಂದು ಮತ್ತೆ ನಮ್ಮ ಟಿ ಕೋಶಗಳ ವಿಷಯಕ್ಕೇ ನೊಬೆಲ್ ಬಂದಿತ್ತು. ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಗುಚಿ. ಮೈಯ ಕಾವಲುಗಾರರು ಮನೆಯವರ ಮೇಲೇ ಎಗರದಂತೆ ತಡೆಯುವ ಇನ್ನೊಂದು ಜಾತಿಯ ಟಿ ಕೋಶಗಳ ಮೇಲಿನ ಕೆಲಸಕ್ಕೆ. ಕ್ಯಾನ್ಸರಿನ ವಿಷಯದಲ್ಲಿ ಇವೇ ತೊಡಕು, ಗಡ್ಡೆ ಇವನ್ನು ತನ್ನ ಸುತ್ತ ಕೂಡಿಸಿಕೊಳ್ಳುತ್ತದೆ. ಎಲ್ಲರೂ ಊಟದ ಕೋಣೆಯಲ್ಲಿ ಪರದೆಯ ಮುಂದೆ ಸೇರಿದ್ದೆವು. ರಾಮ್ಸ್‌ಡೆಲ್ ಬೆಟ್ಟ ಹತ್ತಲು ಹೋಗಿ ಫೋನಿಗೆ ಸಿಗದೆ ಇದ್ದರು ಅಂತ ಆಮೇಲೆ ಸುದ್ದಿಯಾಯಿತು. ಅಪ್ಪನಿಗೆ ಹೇಳಿದರೆ ನಕ್ಕರು. 'ನಮ್ಮ ತೋಟದಲ್ಲಿದ್ರೂ ಅಷ್ಟೇ. ಗೇಟಿನ ಹತ್ರ ಬರ್ಬೇಕು ಟವರಿಗೆ.'

ಅದೇ ಊಟದ ಕೋಣೆಯಲ್ಲಿ ಇನ್ನೊಂದು ದಿನ ಬೆಲೆಯ ಮಾತು ಬಂತು. ಅಲ್ಲಿ ರೋಗಿ ಬಿಲ್ಲು ನೋಡುವುದಿಲ್ಲ, ಸರ್ಕಾರ ನೋಡುತ್ತದೆ. ನಾನು ಮುಂಬೈನ ಟಾಟಾ ಮೆಮೋರಿಯಲ್‌ನವರ ಪ್ರಯೋಗದ ಬಗ್ಗೆ ಹೇಳಿದೆ. ಗುಣವಾಗುವ ಹಂತ ದಾಟಿದ ಬಾಯಿ, ಗಂಟಲು ಕ್ಯಾನ್ಸರಿನ 151 ರೋಗಿಗಳು. ಅರ್ಧ ಜನಕ್ಕೆ ಅಗ್ಗದ ಮಾತ್ರೆಗಳು ಮಾತ್ರ. ಉಳಿದರ್ಧಕ್ಕೆ ಅವುಗಳ ಜೊತೆ ಪಿಡಿ-1 ತಡೆಯುವ ಇಂಜೆಕ್ಷನ್ ನಿವೊಲುಮಾಬ್, ಆದರೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ. ಮಾಮೂಲಿ ಡೋಸು ಎರಡು ವಾರಕ್ಕೊಮ್ಮೆ 240. ಒಂದು ವರ್ಷದ ನಂತರ ಮೊದಲ ಗುಂಪಿನಲ್ಲಿ ಬದುಕಿದ್ದವರು ನೂರಕ್ಕೆ 16.3. ಎರಡನೇ ಗುಂಪಿನಲ್ಲಿ 43.4. ಪಿಡಿ-1ಕ್ಕೆ ಬಿರಡೆ ಹಾಕಲು ಕೊಡಗಟ್ಟಲೆ ಔಷಧ ಬೇಕಿಲ್ಲ, ಲೋಟದಷ್ಟು ಸಾಕಾಗಬಹುದು ಅಂತ.

ಎದುರಿಗೆ ಕೂತಿದ್ದವನು ಊಟ ನಿಲ್ಲಿಸಿ ಕೇಳಿದ, 'ಹಾಗಾದರೆ ನಾವೆಲ್ಲ ಯಾಕೆ 240 ಕೊಡುತ್ತಿದ್ದೇವೆ?' ಒಳ್ಳೆಯ ಪ್ರಶ್ನೆ. ಕಡಿಮೆ ಮಾರಿ ಯಾರಿಗೆ ಲಾಭ ಅನ್ನುವುದು ನನ್ನ ಉತ್ತರ. ಅದನ್ನು ಜೋರಾಗಿ ಹೇಳಲಿಲ್ಲ, ಅತಿಥಿ ನಾನು. ಆ ಪ್ರಬಂಧ ಹೊರಬಂದದ್ದು ದೊಡ್ಡಮ್ಮ ಹೋಗಿ ಮೂರು ವರ್ಷ ದಾಟಿದ ಮೇಲೆ. 20 ಮಿಲಿಗ್ರಾಂ ಆಗಿದ್ದರೆ ಸಿಲ್ವರ್ ಓಕ್ ಕಡಿಯಬೇಕಿರಲಿಲ್ಲ. ಆ ವರ್ಷದ ಮೆಣಸಿನ ದುಡ್ಡೇ ಸಾಕಾಗುತ್ತಿತ್ತು ಅಂತ ಎಷ್ಟೋ ರಾತ್ರಿ ಕೂಡಿ ಕಳೆದಿದ್ದೇನೆ.

ತುಲಾ ಸಂಕ್ರಮಣ ಅಲ್ಲೇ ಕಳೆಯಿತು, ಹುತ್ತರಿಯೂ ಅಲ್ಲೇ. ತಂಗಿ ವಿಡಿಯೋ ಕಾಲಿನಲ್ಲಿ ಕದಿರು ತೋರಿಸಿದಳು. ಅಲ್ಲಿ ನನಗೆ ಆಗಿನ್ನೂ ಸಂಜೆ ನಾಲ್ಕೂವರೆ, ಕಗ್ಗತ್ತಲೆ.

ಜನವರಿಯಲ್ಲಿ ಊರಿಗೆ ಬಂದಾಗ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಕಣದಲ್ಲಿ ಕಾಫಿ ಹರಡಿತ್ತು. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವ ಹೊತ್ತಿಗೆ, ವರ್ಷಗಳಿಂದ ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕ ಪಕ್ಕಕ್ಕೆ ಕರೆದರು.

'ಅವ್ವಾ, ನೀನು ಅದೇ ಓದ್ತಿರೋದಂತಲ್ಲ. ಒಂಚೂರು ನೋಡು.' ಬಾಯಿ ತೆಗೆದರು. ಎಡಗೆನ್ನೆಯ ಒಳಗೆ ಬೆರಳುಗುರಿನಷ್ಟು ಅಗಲ ಬಿಳಿ ಮಚ್ಚೆ, ಅಂಚಿನಲ್ಲಿ ಕೆಂಪು. ಕಡ್ಡಿಪುಡಿ ಇಡುವ ಜಾಗ.

ನಾನು ಡಾಕ್ಟರ್ ಅಲ್ಲ. ಕೋಶಗಳನ್ನು ಪ್ಲೇಟಿನಲ್ಲಿ ನೋಡಿ ಗೊತ್ತು, ಬಾಯಿಯಲ್ಲಿ ನೋಡಿ ಗೊತ್ತಿಲ್ಲ. ಹಾಗಂತಲೇ ಹೇಳಿದೆ. ಎಷ್ಟು ದಿನದಿಂದ ಅಂತ ಕೇಳಿದರೆ, 'ಕೊಯ್ಲು ಮುಗೀಲಿ ಅಂತ ಕಾಯ್ತಿದ್ದೆ' ಅಂದರು.

ಮರುದಿನ ಏಳೂವರೆ ಬಸ್ಸಿಗೆ ಇಬ್ಬರೂ ಮಡಿಕೇರಿಗೆ ಹೋದೆವು. ಚೀಟಿ ಮಾಡಿಸಿ ಬೆಂಚಿನಲ್ಲಿ ಕೂತೆವು. 63ನೇ ಟೋಕನ್. ಒಳಗೆ 20 ಓಡುತ್ತಿತ್ತು. ಅಕ್ಕ ಸೀರೆಯ ಗಂಟಿನಿಂದ ಕಡ್ಡಿಪುಡಿಯ ಪೊಟ್ಟಣ ತೆಗೆದರು, ನನ್ನ ಮುಖ ನೋಡಿದರು, ಮತ್ತೆ ಗಂಟು ಕಟ್ಟಿದರು.

'ಅಲ್ಲಿ ಚಳಿ ಜಾಸ್ತಿನಾ ಅವ್ವಾ?'

'ಚಳಿ ಪರವಾಗಿಲ್ಲ ಅಕ್ಕಾ, ಕತ್ತಲೆ ಜಾಸ್ತಿ.'

ಹನ್ನೆರಡೂ ಕಾಲಕ್ಕೆ ಕರೆದರು. ಡಾಕ್ಟರು ಕೈಗವಸು ಹಾಕಿ ನೋಡಿ, ಅಲ್ಲೇ ಒಂದು ಚಿಕ್ಕ ಚೂರು ತೆಗೆದರು. ಅಕ್ಕಿಕಾಳಿನಷ್ಟು. ನೀರಿನಂಥದ್ದು ತುಂಬಿದ ಪುಟ್ಟ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿ ಹೆಸರು ಬರೆದರು. ಹೆಸರು ಸರಿಯಾಗಿದೆಯಾ ಅಂತ ನಾನು ಎರಡು ಸಲ ಓದಿ ನೋಡಿದೆ. ರಿಪೋರ್ಟು ಮುಂದಿನ ಗುರುವಾರ.